ಅತ್ತೆಯ ಜೇಡಿಗುಂಡಿ

ಕೊಪ್ಪದಿಂದ ಶೃಂಗೇರಿ ಕಡೆಗೆ ಹೋಗುವ ಹೆದ್ದಾರಿಯನ್ನು ಅಗಲ ಮಾಡುವಾಗ ನಮ್ಮೂರಿನ ಹತ್ತಿರ ಒಂದು ಗುಡ್ಡವನ್ನು ನಡುವೆಯೇ ಸೀಳಿದರು. ಮೊದಲು ರಸ್ತೆ ಆ ಗುಡ್ಡವನ್ನು ಬಳಸಿಕೊಂಡು ಹೋಗುತ್ತಿತ್ತು. ಬಸ್ಸಿನಲ್ಲಿ ವಾಂತಿ ಮಾಡುವವರು ತಪ್ಪದೆ ಅದೇ ತಿರುವಿನಲ್ಲಿ ಮಾಡುತ್ತಿದ್ದರು. ಈಗ ದಾರಿ ನೇರ. ಕೆಲಸ ನಡೆಯುವಷ್ಟು ದಿನವೂ ಧೂಳಿಗೆ ಬೈಯದವರು ಬಸ್ಸಿನಲ್ಲಿ ಯಾರೂ ಇರಲಿಲ್ಲ. ನಾನೂ ಬೈದೆ, ಆದರೆ ಕಿಟಕಿ ಮುಚ್ಚಲಿಲ್ಲ. ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರೆ, ನೋಡಲಿ ಎಂದು ಸುಮ್ಮನಿರುತ್ತಿದ್ದೆ.

ಕೊಪ್ಪದಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ದಿನವಿಡೀ ಅಂಚು, ಲೈನಿಂಗು, ಮಡಿಕೆ ಎಂದು ನೋಡುವ ಕಣ್ಣಿಗೆ ಆ ಗುಡ್ಡದ ಒಡಲು ಬಿಚ್ಚಿಕೊಂಡದ್ದನ್ನು ನೋಡದೆ ಇರುವುದು ಆಗುತ್ತಿರಲಿಲ್ಲ. ಜೆಸಿಬಿ ಕಚ್ಚಿದಷ್ಟೂ ಹೊಸ ಬಣ್ಣ. ಮೇಲೆ ಒಂದು ಮೊಳ ಕರಿಮಣ್ಣು, ಅದರಿಂದ ಜೋತುಬಿದ್ದ ಬೇರುಗಳು. ಅದರ ಕೆಳಗೆ ಜಂಬಿಟ್ಟಿಗೆ; ನಮ್ಮ ಮನೆಯ ಗೋಡೆಗೆ ಕಟ್ಟಿರುವ ಅದೇ ತೂತುತೂತಿನ ಕೆಂಪು ಕಲ್ಲು. ಕೆಲವು ವಾರ ಬರೀ ಅದೇ ಕಂಡಿತು. ಆಮೇಲೆ ಹಳದಿಯೂ ಕೆಂಪೂ ಕಲೆಸಿದ ಮಣ್ಣು ಬಂತು. ಅಷ್ಟರಲ್ಲಿ ಮಳೆಗಾಲ ಹಿಡಿದು ಕೆಲಸ ನಿಂತಿತು. ಧರೆ, ಅಂದರೆ ಗುಡ್ಡ ಕಡಿದು ನಿಲ್ಲಿಸಿದ ಆ ಮಣ್ಣಿನ ಗೋಡೆ, ಒಂದೆರಡು ಸಲ ಜರಿದು ಬಸ್ಸುಗಳು ಸುತ್ತು ಹಾಕಿ ಓಡಾಡಿದವು.

ನವರಾತ್ರಿ ಕಳೆಯುವ ಹೊತ್ತಿಗೆ ಯಂತ್ರಗಳು ಮತ್ತೆ ಬಂದವು. ಒಂದು ಬೆಳಿಗ್ಗೆ ಬಸ್ಸು ಅಲ್ಲಿ ನಿಧಾನ ಮಾಡಿದಾಗ ಕಿಟಕಿಯ ಹೊರಗೆ ಬಿಳಿ ಕಂಡಿತು. ರಸ್ತೆಯ ಎರಡೂ ಕಡೆಯ ಧರೆಯಲ್ಲಿ, ನಮ್ಮ ತಲೆಗಿಂತ ಬಹಳ ಮೇಲೆ, ಉದ್ದಕ್ಕೂ ಒಂದು ಬಿಳಿ ಪಟ್ಟಿ.

“ಜೇಡಿ!” ಎಂದು ಬಸ್ಸಿನಲ್ಲಿಯೇ ಕೂಗಿಬಿಟ್ಟೆ. ನಾನು ಇಳಿಯಬೇಕೇನೋ ಎಂದುಕೊಂಡು ಕಂಡಕ್ಟರ್ ಸೀಟಿ ಊದಿದ.

ಇದರಲ್ಲಿ ಕೂಗುವಂಥದ್ದೇನಿದೆ ಎಂದು ಹೊರಗಿನವರಿಗೆ ಅನ್ನಿಸೀತು. ಜೇಡಿ ಎಂದರೆ ನುಣ್ಣನೆಯ ಬಿಳಿ ಮಣ್ಣು. ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಬಿಟ್ಟರೆ ತಳದಲ್ಲಿ ದೋಸೆ ಹಿಟ್ಟಿನ ಹಾಗೆ ಕೂರುತ್ತದೆ. ದೀಪಾವಳಿಗೆ ತುಳಸಿಕಟ್ಟೆ, ಹೊಸಿಲು, ಕೊಟ್ಟಿಗೆಯ ಬಾಗಿಲಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಜೇಡಿಯ ಎಳೆ ಬಿಡಿಸುತ್ತೇವೆ. ಗೋಪೂಜೆಯ ದಿನ ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಜೇಡಿಯಲ್ಲಿ ಅದ್ದಿ ದನಗಳ ಮೈಮೇಲೆ ದುಂಡಗೆ ಒತ್ತುತ್ತೇವೆ. ನಮ್ಮ ಮನೆಯ ಜೇಡಿಯ ಬಿಳುಪಿಗೆ ಊರಿನಲ್ಲಿ ಹೆಸರಿತ್ತು. ಹಬ್ಬ ಬಂತೆಂದರೆ ಅಕ್ಕಪಕ್ಕದ ಹೆಂಗಸರು ಒಂದೊಂದು ಉಂಡೆ ಕೇಳಿಕೊಂಡು ಬರುತ್ತಿದ್ದರು. ಎಲ್ಲಿಂದ ತಂದಿರಿ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ನನ್ನ ಅತ್ತೆ ಹೇಳುತ್ತಿರಲಿಲ್ಲ.

ಜೇಡಿ ಸಿಗುವ ಜಾಗ ಆಯಾ ಮನೆಯ ಹೆಂಗಸರ ಗುಟ್ಟು. ಅತ್ತೆಯಿಂದ ಸೊಸೆಗೆ ಬರುವಂಥದ್ದು. ನನ್ನ ಅತ್ತೆಗೆ ಅವರ ಅತ್ತೆ ಮದುವೆಯಾದ ವರ್ಷವೇ ತೋರಿಸಿದ್ದರಂತೆ. ಅದಕ್ಕೆ ಕಟ್ಟಳೆಗಳೂ ಇದ್ದವು. ಹೋಗುವಾಗ ಯಾರ ಜೊತೆಗೂ ಮಾತಾಡಬಾರದು. ಒಬ್ಬರೇ ಹೋಗಬೇಕು. ಜೇಡಿ ಹೊತ್ತು ಹೊರಟ ಮೇಲೆ ಹಿಂದೆ ತಿರುಗಿ ನೋಡಬಾರದು. ನೋಡಿದರೆ ಆ ಗುಂಡಿ ಮುಂದಿನ ವರ್ಷ ಕಪ್ಪು ಮಣ್ಣು ಕೊಡುತ್ತದೆ. ದೀಪಾವಳಿಗೆ ಮುಂಚಿನ ಒಂದು ದಿನ ಅತ್ತೆ ಬೆಳಕು ಹರಿಯುವ ಮೊದಲೇ ಬುಟ್ಟಿ, ಕತ್ತಿ ತೆಗೆದುಕೊಂಡು ಹೊರಟರೆ, ತಿರುಗಿ ಬರುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಅಷ್ಟು ಹೊತ್ತಾಗುತ್ತದೆಂದರೆ ಜಾಗ ಎಲ್ಲೋ ಕಿಗ್ಗದ ಕಡೆಯ ಕಾಡಿನ ಒಳಗೇ ಇರಬೇಕು ಎಂದು ನಮ್ಮ ಮನೆಯವರೆಲ್ಲ ನಂಬಿದ್ದೆವು.

ನನಗೆ ಆ ಜಾಗವನ್ನು ಅವರು ತೋರಿಸಲೇ ಇಲ್ಲ. ನಾನು ಸೊಸೆಯಾಗಿ ಬಂದ ವರ್ಷ ತೋರಿಸುತ್ತಾರೆ ಎಂದು ಕಾದೆ. ಮರುವರ್ಷ ಕಾದೆ. ನನ್ನ ಮಕ್ಕಳು ಶಾಲೆಗೆ ಹೋಗಿ, ದೊಡ್ಡವರಾಗಿ, ಅವರವರ ದಾರಿ ಹಿಡಿದರೂ ನಾನು ಇನ್ನೂ ಹೊಸ ಸೊಸೆಯೇ. ಒಮ್ಮೆ ಬಾಯಿಬಿಟ್ಟು ಕೇಳಿದೆ. “ಗಡಿಬಿಡಿ ಎಂತದು ನಿಂಗೆ? ನಾನಿನ್ನೂ ನಡೀತಾ ಇದ್ದೀನಲ್ಲ” ಎಂದರು. ನನ್ನ ಸಿಟ್ಟು ನೆತ್ತಿಗೇರಿತು. ಹಾಲು, ಮೊಸರು, ಪೆಟ್ಟಿಗೆಯ ಕೀಲಿ, ಎಲ್ಲವನ್ನೂ ನನ್ನ ಕೈಗೆ ಕೊಟ್ಟ ಹೆಂಗಸು ಒಂದು ಮಣ್ಣಿನ ಗುಂಡಿಯನ್ನು ಹೀಗೆ ಬಚ್ಚಿಟ್ಟುಕೊಳ್ಳುವುದೆಂದರೆ ಏನರ್ಥ? ನನ್ನನ್ನು ಈ ಮನೆಯವಳು ಎಂದು ಅವರ ಮನಸ್ಸು ಒಪ್ಪಿಲ್ಲ, ಅಷ್ಟೇ ಎಂದುಕೊಂಡೆ.

ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ನನ್ನ ತವರು ನರಸಿಂಹರಾಜಪುರದ ಕಡೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ ಎದ್ದುಬಂದವರ ಮನೆತನ ನಮ್ಮದು. ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋಗಿ ನೀರಿನ ಕಡೆಗೆ ಕೈ ಮಾಡಿ, “ಅಲ್ಲಿ ನಮ್ಮ ಕಣ ಇತ್ತು, ಅಲ್ಲಿ ಹಲಸಿನ ಮರ” ಎಂದು ತೋರಿಸುತ್ತಿದ್ದಳು. ನನಗೆ ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇದನ್ನು ಮದುವೆಯಾದ ಹೊಸತರಲ್ಲಿ ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಅಲ್ಲಿಂದ ಮುಂದೆ ನನ್ನ ತವರಿನ ಸುದ್ದಿ ಬಂದಾಗಲೆಲ್ಲ, “ನಿಮ್ಮ ಕಡೆ ಆಸ್ತಿಗೆ ಮೀನು ಕಾವಲು ಬಿಡು” ಎನ್ನುವರು. ತಮಾಷೆಗೇ ಹೇಳುತ್ತಿದ್ದರು. ಆದರೂ ನಾನು ಮುಖ ಊದಿಸಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಈಚಿನ ವರ್ಷಗಳಲ್ಲಿ ಅತ್ತೆಯ ಮಂಡಿ ಕೈಕೊಟ್ಟಿತು. ಹಿತ್ತಲಿಗೆ ಹೋಗಿ ಬಂದರೇ ಉಸ್ಸಪ್ಪಾ ಎಂದು ಕೂರುತ್ತಾರೆ. ಆದರೂ ಗುಂಡಿ ಎಲ್ಲಿದೆ ಎಂದು ಹೇಳಲಿಲ್ಲ. ಹಳೆಯ ಜೇಡಿಯ ಕೊನೆಯ ಉಂಡೆಗಳನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿಟ್ಟುಕೊಂಡು, ಪ್ರತಿ ಹಬ್ಬಕ್ಕೂ ಮದ್ದು ಅರೆದ ಹಾಗೆ ಚೂರೇ ಚೂರು ತೆಗೆದು ತುಳಸಿಕಟ್ಟೆಗೆ ಮಾತ್ರ ಬಳಸುವುದು. ಹೊಸಿಲಿಗೂ ದನಗಳಿಗೂ ಜಯಪುರದ ಅಂಗಡಿಯಿಂದ ನಾನು ತಂದ ರಂಗೋಲಿ ಪುಡಿ. “ಇದು ಜೇಡಿಯೇನೇ? ಮಕ್ಕಳು ಬೋರ್ಡಿನ ಮೇಲೆ ಬರೆಯೋ ಸೀಮೆಸುಣ್ಣ” ಎಂದು ಅತ್ತೆ ಮೂಗು ಮುರಿಯುವರು.

ರಸ್ತೆ ಕೆಲಸ ಶುರುವಾದಂದಿನಿಂದ ಮಾತ್ರ ಅವರು ನನ್ನ ಬಸ್ಸು ಬರುವುದನ್ನೇ ಕಾಯತೊಡಗಿದರು. ನಾನು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ. “ಎಷ್ಟು ಕಡ್ದಿದ್ದಾರೆ? ಮತ್ತಿ ಮರ ಉಂಟನಾ? ಅದರ ಕೆಳಗಿನ ಕೊರಕಲು?” ಮನೆಯೊಳಗೇ ಇರುವವರಿಗೆ ಊರ ಸುದ್ದಿ ಬೇಕಾಗಿರುತ್ತದೆ ಎಂದು ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಮತ್ತಿ ಮರ ಉರುಳಿಸಿದರು ಎಂದ ದಿನ ಅವರು ಕಾಫಿ ಲೋಟವನ್ನು ಹಾಗೆಯೇ ಆರಲು ಬಿಟ್ಟರು. ನನಗೆ ಆಗಲೂ ಹೊಳೆಯಲಿಲ್ಲ.

ಬಿಳಿ ಪಟ್ಟಿ ಕಂಡ ವಾರ, ಅಂಗಡಿಗೆ ರಜೆಯ ದಿನ, ನಾನೊಬ್ಬಳೇ ಆ ಧರೆಯ ಹತ್ತಿರ ಹೋದೆ. ಬಸ್ಸಿನಿಂದ ನೋಡುವುದಕ್ಕೂ ಬುಡದಲ್ಲಿ ನಿಂತು ಕತ್ತೆತ್ತಿ ನೋಡುವುದಕ್ಕೂ ಬಹಳ ವ್ಯತ್ಯಾಸ. ಬುಡದಲ್ಲಿ ಗಟ್ಟಿ ಬೂದುಬಣ್ಣದ ಬಂಡೆ. ಸಿಡಿಮದ್ದಿಗೆ ಕೊರೆದ ತೂತಿನ ಅರ್ಧ ಭಾಗಗಳು ಅದರ ಮೈಯಲ್ಲಿ ಹಾಗೆಯೇ ಉಳಿದಿದ್ದವು. ಅದರ ಮೇಲೆ, ನೋಡಲು ಬಂಡೆಯಂತೆಯೇ ಪಟ್ಟೆಪಟ್ಟೆಯಾಗಿದ್ದು ಮುಟ್ಟಿದರೆ ಕೈಯಲ್ಲಿ ಪುಡಿಯಾಗುವ ಕಲ್ಲು. ಅದರ ಮೇಲೆ ಜೇಡಿ, ಅಲ್ಲಲ್ಲಿ ನಸುಗೆಂಪು. ಜೇಡಿಯ ಮೇಲಂಚಿನಲ್ಲಿ ನೀರು ಜಿನುಗಿ ಇಳಿದ ಗೆರೆಗಳು. ಕರಿಮಣ್ಣಿನಿಂದ ಹಿಡಿದು ಬುಡದ ಬಂಡೆಯವರೆಗೆ ಇಷ್ಟೆಲ್ಲ ನಮ್ಮ ಕಾಲ ಕೆಳಗೆ ಇತ್ತು, ನಾವು ಅದರ ಮೇಲೆ ಸೊಪ್ಪು ಕೊಯ್ಯುತ್ತ, ಒಬ್ಬರಿಗೊಬ್ಬರು ಬೈಯುತ್ತ ಓಡಾಡಿಕೊಂಡಿದ್ದೆವು ಎಂದು ಯೋಚಿಸಿದರೆ ಸ್ವಲ್ಪ ಹೆದರಿಕೆಯೇ ಆಯಿತು.

ಅಲ್ಲಿ ಯಾವುದೋ ಕಾಲೇಜಿನ ಮಕ್ಕಳು ಸುತ್ತಿಗೆ ಹಿಡಿದುಕೊಂಡು ಬಂದಿದ್ದರು. ಅವರ ಜೊತೆ ಟೋಪಿ ಹಾಕಿಕೊಂಡ ಒಬ್ಬ ಮೇಡಂ. ನಾನು ಉದುರಿಬಿದ್ದ ಜೇಡಿಯ ಹೆಂಟೆಗಳನ್ನು ಚೀಲಕ್ಕೆ ತುಂಬುವುದನ್ನು ನೋಡಿ ಆಕೆ ಹತ್ತಿರ ಬಂದು, ಇದನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಖುಷಿಯಿಂದ ಬರೆದುಕೊಂಡರು. ನಾನೂ ಬಿಡಲಿಲ್ಲ, ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದೆ.

“ಎಲ್ಲಿಂದಲೂ ಬಂದಿಲ್ಲ ಅಕ್ಕ. ಇದೂ ಮೊದಲು ಆ ಬುಡದ ಬಂಡೆಯೇ. ಮೇಲಿನ ಮಳೆನೀರು ಇಳಿದು ಇಳಿದು ಎಷ್ಟೋ ಕಾಲದಿಂದ ಕಲ್ಲು ಕೊಳೆತು ಹೀಗಾಗಿದೆ. ಕೆಂಪೆಲ್ಲ ಮೇಲೆ ಉಳಿದು ಜಂಬಿಟ್ಟಿಗೆ ಆಯಿತು, ಬಿಳಿ ಕೆಳಗೆ ಉಳಿಯಿತು.” ಆಮೇಲೆ ಧರೆಯಲ್ಲಿ ಓರೆಯಾಗಿ ಮೇಲಕ್ಕೆ ಹತ್ತಿದ ಒಂದು ಬೆಣಚುಕಲ್ಲಿನ ಗೆರೆಯನ್ನು ತೋರಿಸಿದರು. ಅದು ಗಟ್ಟಿ ಬಂಡೆಯಲ್ಲಿ ಹುಟ್ಟಿ, ಜೇಡಿಯನ್ನು ದಾಟಿ, ಜಂಬಿಟ್ಟಿಗೆಯವರೆಗೂ ಹಾಗೆಯೇ ಹೋಗಿತ್ತು. “ಸುತ್ತಲಿನದೆಲ್ಲ ಮಣ್ಣಾದರೂ ಇದೊಂದು ಜಪ್ಪಯ್ಯ ಅಂದರೂ ಕೊಳೆಯುವುದಿಲ್ಲ.”

ನನಗೆ ನಮ್ಮ ಅತ್ತೆಯ ನೆನಪಾಯಿತು.

“ಹಾಗಾದರೆ ಜೇಡಿ ಈ ಗುಡ್ಡದಲ್ಲಿ ಮಾತ್ರವಾ?” ಎಂದೆ.

“ಇಲ್ಲವಲ್ಲ. ಜಂಬಿಟ್ಟಿಗೆ ಇರುವ ನಿಮ್ಮ ಕಡೆಯ ಎಷ್ಟೋ ಗುಡ್ಡಗಳ ಒಳಗೆ ಇದ್ದೀತು. ಕಡಿದರೆ ಕಾಣುತ್ತದೆ, ಅಷ್ಟೇ” ಎಂದರು ಮೇಡಂ. ಹಾಗೇ, ಧರೆಯ ಬುಡವನ್ನು ಮಾತ್ರ ಕೆರೆಯಬೇಡಿ, ಮೇಲಿಂದ ಜರಿಯುತ್ತದೆ ಎಂದೂ ಎಚ್ಚರಿಸಿದರು.

ಚೀಲ ಹೊತ್ತು ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಎಷ್ಟು ವರ್ಷ ನನ್ನನ್ನು ಕಾಯಿಸಿದ ಗುಟ್ಟು! ಅದೀಗ ಹೆದ್ದಾರಿಯ ಪಕ್ಕ ಬಟಾಬಯಲಾಗಿ ಬಿದ್ದಿದೆ. ಜಗುಲಿಯಲ್ಲಿ ಕೂತಿದ್ದ ಅತ್ತೆಯ ಮುಂದೆ ಚೀಲ ಸುರಿದೆ. ಅವರು ಒಂದು ಹೆಂಟೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿದರು, ಮೂಸಿದರು, ಹಲ್ಲಿಗೆ ಹಚ್ಚಿ ನೋಡಿದರು.

“ಇದು ನಮ್ದಲ್ಲ. ನಮ್ಮದ್ರಲ್ಲಿ ಮರಳು ಇರ್ತಿರ್ಲಿಲ್ಲ” ಎಂದು ಕೆಳಗಿಟ್ಟರು.

“ನಿಮ್ದು ಯಾವ್ದು ಅಂತ ನಂಗೆಂತ ಗೊತ್ತು ಅತ್ತೆ? ತೋರ್ಸಿದ್ರೆ ತಾನೆ? ಈಗ ಎಲ್ಲ ಗುಡ್ಡದ ಒಳಗೂ ಇದೇ ಇದೆಯಂತೆ. ಓದಿದವ್ರೇ ಹೇಳಿದ್ರು. ಬಚ್ಚಿಡೋಕೆ ಅದ್ರಲ್ಲಿ ಎಂತದೂ ಇಲ್ಲ” ಎಂದೆ. ಮಾತು ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯಿತು.

ತಿರುಗಿ ಬೈಯುತ್ತಾರೆ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಬಿಳಿ ಹತ್ತಿದ ಬೆರಳುಗಳನ್ನು ನೋಡಿಕೊಂಡರು. “ಕೊರಕಲು ಪೂರಾ ಹೋಯ್ತನಾ?” ಎಂದು ಕೇಳಿದರು, ತೀರಾ ಸಣ್ಣ ದನಿಯಲ್ಲಿ. ಆಗ ಹೊಳೆಯಿತು ನನಗೆ. ಮತ್ತಿ ಮರ, ಕೊರಕಲು, ಸಂಜೆಯ ಆ ಪ್ರಶ್ನೆಗಳು. ಕಿಗ್ಗದ ಕಾಡೂ ಅಲ್ಲ, ಯಾವ ದೂರವೂ ಅಲ್ಲ. ಅವರ ಗುಂಡಿ ಇದ್ದದ್ದು ಅದೇ ಗುಡ್ಡದಲ್ಲಿ, ನಮ್ಮ ಮನೆಯಿಂದ ನಡೆದು ಹೋಗಿ ಬರುವಷ್ಟು ಹತ್ತಿರ. ನಾನು ಗೆದ್ದೆ ಎಂದುಕೊಂಡು ತಂದ ಚೀಲ ಅವರ ಮುಂದೆ ಚೆಲ್ಲಿಕೊಂಡು ಬಿದ್ದಿತ್ತು. ನನಗೆ ಅಳು ಬಂದಂತಾಗಿ ಒಳಗೆ ಹೋಗಿ ಇಲ್ಲದ ಪಾತ್ರೆಗಳನ್ನೆಲ್ಲ ತೊಳೆದೆ.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಅತ್ತೆ ಹಬ್ಬಕ್ಕೆ ಉಡುವ ಸೀರೆ ಉಟ್ಟು ಕತ್ತಿ, ಬುಟ್ಟಿ ಹಿಡಿದು ಜಗುಲಿಯ ಕಂಬ ಆತುಕೊಂಡು ನಿಂತಿದ್ದರು. “ಆಟೋಕ್ಕೆ ಹೇಳು. ನಿನ್ನ ಬ್ಲೌಸು ನಾಳೆ ಹೊಲಿದ್ರೂ ಆಗ್ತದೆ” ಎಂದರು. ನಮ್ಮ ಯಜಮಾನರು ಒಳಗಿನಿಂದ, ಈ ಮಂಡಿ ಇಟ್ಟುಕೊಂಡು ಎಲ್ಲಿಗಮ್ಮ ಎಂದರೆ, “ನಿಂಗಲ್ಲ ಹೇಳಿದ್ದು” ಎಂದು ಅವರ ಬಾಯಿ ಮುಚ್ಚಿಸಿದರು. ಆಟೋದಲ್ಲಿ ನಾನು ಏನೋ ಕೇಳಲು ಹೋದಾಗ ತುಟಿಯ ಮೇಲೆ ಬೆರಳಿಟ್ಟರು. ಹೋಗುವಾಗ ಮಾತಾಡಬಾರದಲ್ಲ. ಬಾಯಿ ಮುಚ್ಚಿಕೊಂಡು ಕೂತೆ.

ಗುಡ್ಡ ಕಡಿದಲ್ಲಿ ಜಾತ್ರೆಯಂತೆ ಜನ. ಬಿಳಿ ಪಟ್ಟಿ ಇಳಿಜಾರಾಗಿ ರಸ್ತೆಯ ಮಟ್ಟಕ್ಕೆ ಬಂದ ಕಡೆ ಬಸರೀಕಟ್ಟೆ ಕಡೆಯಿಂದ ಬಂದ ಒಂದು ಜೀಪು ನಿಂತಿತ್ತು. ಹೆಂಗಸರು, ಗಂಡಸರು ಸಿಮೆಂಟಿನ ಖಾಲಿ ಚೀಲಗಳಿಗೆ ಜೇಡಿ ತುಂಬುತ್ತಿದ್ದರು. ಮೌನವೂ ಇಲ್ಲ, ಕಟ್ಟಳೆಯೂ ಇಲ್ಲ. ಒಬ್ಬ ಫೋನಿನಲ್ಲಿ ಜೋರಾಗಿ ಮಾತಾಡುತ್ತ ಒಂದೇ ಕೈಯಲ್ಲಿ ತುಂಬುತ್ತಿದ್ದ. ಅತ್ತೆ ಆಟೋದಿಂದ ಇಳಿದು ಅವರನ್ನೆಲ್ಲ ನೋಡಿದರು. ಊರಿಗೆಲ್ಲ ಉಂಡೆ ಲೆಕ್ಕದಲ್ಲಿ ಹಂಚಿದ ಕೈ ಅದು. ನನಗೆ ಆ ಜನರ ಮೇಲೆ ಸಿಟ್ಟು ಬಂತು. ನಿನ್ನೆ ನಾನೂ ಅವರಂತೆಯೇ ಚೀಲ ತುಂಬಿದ್ದೆ ಎನ್ನುವುದು ಆ ಸಿಟ್ಟಿಗೆ ಅಡ್ಡ ಬರಲಿಲ್ಲ.

ಅತ್ತೆ ನನ್ನ ಭುಜ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ನಿಧಾನವಾಗಿ ನಡೆದರು. ಒಂದು ಕಡೆ ನಿಂತರು, ಮುಂದೆ ಹೋದರು, ಮತ್ತೆ ಹಿಂದೆ ಬಂದರು. ಈಚೆಯ ಧರೆ ನೋಡಿದರು, ಆಚೆಯ ಧರೆ ನೋಡಿದರು, ಎರಡರ ನಡುವೆ ದೂರದಲ್ಲಿ ಕಾಣುವ ಬೆಟ್ಟದ ತುದಿಯನ್ನು ನೋಡಿ ಗುರುತು ಹಿಡಿದರು. ಕೊನೆಗೆ ಕೈ ಎತ್ತಿ ತೋರಿಸಿದರು.

“ಅಲ್ಲಿ.”

ಅವರ ಬೆರಳು ಯಾವ ಧರೆಯ ಕಡೆಗೂ ಇರಲಿಲ್ಲ. ರಸ್ತೆಯ ನಡುವೆ, ಮೇಲೆ, ಏನೂ ಇಲ್ಲದ ಕಡೆ ತೋರಿಸುತ್ತಿತ್ತು. ಅದರ ಕೆಳಗೆ ಒಂದು ಲಾರಿ ಹಾದುಹೋಯಿತು. ನಾನು ಈಚೆಯ ಬಿಳಿ ಪಟ್ಟಿಯನ್ನು ನೋಡಿದೆ, ಆಚೆಯದನ್ನು ನೋಡಿದೆ. ಎರಡೂ ಒಂದೇ ಎತ್ತರದಲ್ಲಿದ್ದವು. ಕಣ್ಣಲ್ಲೇ ಅವೆರಡನ್ನೂ ಜೋಡಿಸಿದೆ, ಬಟ್ಟೆಯ ಎರಡು ತುಂಡಿನ ಅಂಚು ಕೂಡಿಸುವ ಹಾಗೆ. ಅತ್ತೆಯ ಬೆರಳು ಆ ಗೆರೆಯ ಮೇಲೆಯೇ ಇತ್ತು. ಅಲ್ಲಿ ಮತ್ತಿ ಮರದ ಕೆಳಗೆ ಒಂದು ಕೊರಕಲು, ಕೊರಕಲಿನಲ್ಲಿ ಒಬ್ಬ ಹೆಂಗಸು ಬಗ್ಗಿ ನುಸುಳುವಷ್ಟು ಗುಂಡಿ ಇತ್ತು.

“ನಿಮ್ಮಮ್ಮ ನಿಂಗೆ ನೀರು ತೋರಿಸ್ತಿದ್ಲು. ನಾನು ಗಾಳಿ ತೋರಿಸ್ತಿದ್ದೀನಿ ನೋಡು” ಎಂದರು ಅತ್ತೆ.

ಮೀನಿನ ಮಾತಿಗೆ ತಿರುಗಿ ಕೊಡಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುತ್ತಿರಲಿಲ್ಲ. ಕೊಡಲು ಮನಸ್ಸಾಗಲಿಲ್ಲ. ಬದಲಿಗೆ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ.

“ಇಷ್ಟು ಹತ್ರ ಇತ್ತು. ಎಂತಕ್ಕೆ ನಂಗೆ ಹೇಳ್ಲಿಲ್ಲ ಅತ್ತೆ? ನಾನು ಹೊರಗಿನವ್ಳು ಅಂತನಾ?”

ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. “ಹೇಳಿದ್ರೆ ನೀನು ಹೋಗ್ತಿದ್ದೆ.”

“ಹೋಗ್ತಿದ್ದೆ. ಅದಕ್ಕೇ ಅಲ್ವಾ ಹೇಳೋದು?”

“ನೀನು ಹೋದ್ರೆ ನಾನು ಮನೇಲಿ ಇರ್ಬೇಕಾಗ್ತಿತ್ತಲ್ಲೇ ಮಾರಾಯ್ತಿ! ಜೇಡಿ ತೆಗಿಯೋಕೆ ಎಷ್ಟು ಹೊತ್ತು ಬೇಕು? ಬುಟ್ಟಿ ತುಂಬಿಟ್ಟು ಆ ಮರದ ಬುಡದಲ್ಲಿ ಕೂತ್ಕೊಳ್ತಿದ್ದೆ. ಸೆರಗಲ್ಲಿ ಒಂದು ಹಿಡಿ ಅವಲಕ್ಕಿ, ಬೆಲ್ಲದ ಚೂರು. ಕೆಳಗೆ ನಮ್ಮನೆ ಹೊಗೆ ಕಾಣ್ತಿತ್ತು. ಅಲ್ಲಿ ಯಾರು ಯಾರನ್ನ ಕರೀತಿದ್ದಾರೋ, ಯಾರಿಗೆ ಕಾಫಿ ಬೇಕೋ, ನಂಗೆ ಕೇಳ್ತಿರ್ಲಿಲ್ಲ. ವರ್ಷಕ್ಕೆ ಅದೊಂದೇ ಬೆಳಿಗ್ಗೆ. ಅದನ್ನ ಹೆಂಗೆ ಕೊಡೋದು?” ತುಟಿಯಂಚಿನಲ್ಲಿ ನಕ್ಕರು. “ತಿರುಗಿ ನೋಡ್ಬಾರ್ದು ಅನ್ನೋದು ನಮ್ಮತ್ತೆ ಹೇಳಿದ್ದು. ಒಬ್ರೇ ಹೋಗ್ಬೇಕು ಅನ್ನೋದು ನಾನು ಸೇರಿಸಿದ್ದು.”

ನಾನೂ ನಕ್ಕೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ನನ್ನ ಅಂಗಡಿಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂರುವವಳು ನಾನು. ಅವರಿಗೆ ಇದ್ದದ್ದು ಆ ಮರದ ಬುಡ ಮಾತ್ರ. ಅದನ್ನು ನನಗೆ ಕೊಡಲಿಲ್ಲ ಎಂದು ಇಷ್ಟು ಕಾಲ ಮುಖ ಊದಿಸಿಕೊಂಡಿದ್ದೆ. ಈಗ ಅವರ ಕೈಯಲ್ಲಿ ಕೊಡಲು ಏನೂ ಉಳಿಯದ ಹೊತ್ತಿನಲ್ಲಿ, ಹಬ್ಬದ ಸೀರೆ ಉಟ್ಟು ಬಂದು, ಕಟ್ಟಳೆಯ ಪ್ರಕಾರ ಕೊಟ್ಟಿದ್ದರು.

ಜನ ಕೆರೆಯುತ್ತಿದ್ದ ಕಡೆ ನಾವು ಹೋಗಲಿಲ್ಲ. ಈಚೆ ತಾನಾಗಿ ಉದುರಿದ ಹೆಂಟೆಗಳನ್ನು ಅತ್ತೆ ಬೆರಳು ಮಾಡಿ ತೋರಿಸಿದರು, ನಾನು ಆರಿಸಿ ಬುಟ್ಟಿಗೆ ಹಾಕಿದೆ. ಮರಳಿನ ಮಾತು ಅವರು ಎತ್ತಲಿಲ್ಲ. ಬುಟ್ಟಿಯನ್ನು ನಾನು ಸೊಂಟದ ಮೇಲೆ ಇಟ್ಟುಕೊಂಡೆ. ಆಟೋದ ಕಡೆ ನಡೆಯುವಾಗ ಹಿಂದೆ ಯಾವುದೋ ಲಾರಿ ದೊಡ್ಡದಾಗಿ ಹಾರನ್ ಹೊಡೆಯಿತು. ನಾನು ಕತ್ತು ತಿರುಗಿಸುವುದರೊಳಗೆ ಅತ್ತೆ ನನ್ನ ಕೆನ್ನೆಗೆ ಅಂಗೈ ಒತ್ತಿ ಮುಖವನ್ನು ಮುಂದಕ್ಕೆ ಹಿಡಿದರು. ಆಟೋ ಹತ್ತುವವರೆಗೂ ಆ ಕೈ ತೆಗೆಯಲಿಲ್ಲ.

ಆ ವರ್ಷ ಅತ್ತೆ ಬಿಸ್ಕತ್ತಿನ ಡಬ್ಬದಲ್ಲಿ ಉಳಿದದ್ದನ್ನೂ ಹೊಸದರ ಜೊತೆ ಕದಡಿಬಿಟ್ಟರು. ಈಗ ಆ ಧರೆಯ ಮೇಲೆ ಸಿಮೆಂಟು ಬಳಿದು, ತಂತಿಯ ಬಲೆ ಹೊದಿಸಿದ್ದಾರೆ; ಜೇಡಿಯೂ ಕಾಣುವುದಿಲ್ಲ, ಜಂಬಿಟ್ಟಿಗೆಯೂ ಕಾಣುವುದಿಲ್ಲ. ನಾನು ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಕೂರುತ್ತೇನೆ. ಎರಡು ಧರೆಗಳ ನಡುವೆ ಬಸ್ಸು ನುಗ್ಗುವಾಗ ತಲೆ ಬಗ್ಗಿಸಿ ಮೇಲೆ ನೋಡಿ, ಅತ್ತೆ ಕೂರುತ್ತಿದ್ದ ಜಾಗವನ್ನು ಹುಡುಕಿಕೊಳ್ಳುತ್ತೇನೆ. ದಾಟಿದ ಮೇಲೆ ಹಿಂದೆ ತಿರುಗಿ ನೋಡುವುದಿಲ್ಲ.